ಮೂವತ್ತು ಹೆಜ್ಜೆ ಸರಿದ ದೀಪ

“ಗುರುಗಳೇ, ಹಳೆಯದನ್ನು ಕೆಡವಿದವರು ತಪ್ಪು ಮಾಡಿದರು, ಒಪ್ಪುತ್ತೇನೆ. ಉಳಿಸಿದವರದ್ದೂ ತಪ್ಪು ಎನ್ನುತ್ತೀರಲ್ಲ, ಅದು ಹೇಗೆ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನವರು ದೀಪದ ಗೋಪುರವನ್ನು ಉಳಿಸುತ್ತೇವೆಂದು ಅದರ ಜಾಗದಿಂದ ಕಿತ್ತರು. ಅದೇ ತಪ್ಪು.

ಆ ಊರು ದೊಡ್ಡ ಸರೋವರದ ದಡದಲ್ಲಿತ್ತು. ನೀರಂಚಿನಲ್ಲಿ ಒಂದು ದೀಪದ ಗೋಪುರ, ಹಿಂದೆ ಗುಡ್ಡದ ಮೇಲೆ ಇನ್ನೊಂದು. ಎರಡೂ ಮುತ್ತಜ್ಜಂದಿರು ಕಟ್ಟಿದವು. ನೀರಿನಿಂದ ನೋಡುವಾಗ ದೀಪಗಳು ಒಂದರ ಮೇಲೊಂದು ಕಂಡರೆ ದೋಣಿ ಸರಿದಾರಿಯಲ್ಲಿದೆ. ಬೇರೆ ಬೇರೆ ಕಂಡರೆ ಮುಂದೆ ಬಂಡೆ. ದಡ ಕುಸಿಯತೊಡಗಿತು. ಊರವರು ಕೆಳಗಿನ ಗೋಪುರವನ್ನು ಬಿಚ್ಚಿ, ಕಲ್ಲುಕಲ್ಲಿಗೂ ಸುಣ್ಣದ ಗುರುತು ಹಾಕಿ, ಮೂವತ್ತು ಹೆಜ್ಜೆ ಪಕ್ಕಕ್ಕೆ ಗಟ್ಟಿ ನೆಲದಲ್ಲಿ ಹಾಗೆಯೇ ಕಟ್ಟಲು ಹೊರಟರು.

ಒಬ್ಬ ಅಂಬಿಗ ಬೇಡಿಕೊಂಡ. “ಗೌಡರೇ, ದಡಕ್ಕೆ ಕಲ್ಲು ಕಟ್ಟಿಸಿ. ಗೋಪುರ ಅಲ್ಲೇ ಇರಲಿ. ಸರಿಸಿದರೆ ದೀಪವೇ ನಮ್ಮನ್ನು ಬಂಡೆಗೆ ಕರೆಯುತ್ತೆ.”

“ಮೂವತ್ತು ಹೆಜ್ಜೆಗೆ ಇಷ್ಟು ರಂಪವೇನೋ? ನಿನ್ನ ಹೆಂಡತಿ ಒಲೆ ಸರಿಸಿದರೆ ಉಣ್ಣೋದು ಬಿಡ್ತೀಯಾ?” ಎಂದ ಗೌಡ. ಊರೆಲ್ಲ ನಕ್ಕಿತು.

ಗೋಪುರ ಕಟ್ಟಿ ಮುಗಿಸಿ, ವಾದ್ಯ ನುಡಿಸಿ ಹೊಸ ಜಾಗದಲ್ಲಿ ದೀಪ ಹಚ್ಚಿದರು. ಅದೇ ಸಂಜೆ ಅಂಬಿಗನ ಮಗಳು ಆಚೆ ದಡದಿಂದ ಒಬ್ಬಳೇ ದೋಣಿ ನಡೆಸಿಕೊಂಡು ಬರುತ್ತಿದ್ದಳು. ಅವಳು ಅಜ್ಜಿಯ ಮನೆಗೆ ಹೋಗಿ ತಿಂಗಳುಗಳಾಗಿದ್ದವು. ಗೋಪುರ ಸರಿದದ್ದು ಅವಳಿಗೆ ಗೊತ್ತಿಲ್ಲ, ಅವಳು ಅಂದು ಬರುವುದು ಅಪ್ಪನಿಗೆ ಗೊತ್ತಿಲ್ಲ.

ದಡದಲ್ಲಿದ್ದ ಅಂಬಿಗನಿಗೆ ಮಂಜಿನಲ್ಲಿ ಅವಳ ಲಾಟೀನು ಕಂಡಿತು. ದೋಣಿ ನೇರ ಬಂಡೆಯ ಕಡೆಗೇ ಬರುತ್ತಿತ್ತು. ಅವನೇ ಕಲಿಸಿದಂತೆ ಅವಳು ಎರಡು ದೀಪಗಳನ್ನೂ ಒಂದರ ಮೇಲೊಂದು ಮಾಡಿಕೊಂಡು ಬರುತ್ತಿದ್ದಳು. ಕೂಗಿದ. ವಾದ್ಯದ ಸದ್ದಿನಲ್ಲಿ ಕೂಗು ಅಡಗಿತು. ದೀಪ ಆರಿದರೆ ಹುಟ್ಟು ನಿಲ್ಲಿಸಬೇಕೆಂದೂ ಅವಳಿಗೆ ಕಲಿಸಿದ್ದ. ಗೋಪುರಕ್ಕೆ ಓಡಿದ.

ಕಾವಲಿನವನು ಬಾಗಿಲಿಗೆ ಅಡ್ಡ ನಿಂತ. “ಬೇಡಣ್ಣ. ಹೊಸದಾಗಿ ಹಚ್ಚಿದ ದೀಪ ಮೂರು ದಿನ ಆರಬಾರದು. ಊರಿಗೆ ಕೇಡು.”

“ಅಲ್ಲಿ ನನ್ನ ಮಗಳಿದ್ದಾಳೆ ಕಣೋ!”

ವಾದ್ಯ ನಿಂತಿತು. ಜನರೆಲ್ಲ ನೀರಿನ ಕಡೆ ನೋಡಿದರು. ಲಾಟೀನು ಹತ್ತಿರವಾಗುತ್ತಿತ್ತು. ಆಮೇಲೆ ಗೌಡನ ಮುಖ ನೋಡಿದರು. ಒಬ್ಬನೂ ಕದಲಲಿಲ್ಲ.

ಗುರುಗಳು ಇಲ್ಲಿಗೆ ಮಾತು ನಿಲ್ಲಿಸಿದರು.

“ದೋಣಿ ಏನಾಯಿತು?” ಶಿಷ್ಯ ಕೇಳಿದ.

“ಇನ್ನೂ ಬಂಡೆ ಮುಟ್ಟಿಲ್ಲ, ಆ ಗುಂಪಿನಲ್ಲಿ ನೀನೂ ನಿಂತಿದ್ದೀಯ, ಹೋಗಿ ದೀಪ ಆರಿಸು.”