ದ್ರಾಕ್ಷವ್ವನ ಮನೆಗೆ ಬಂದ ನೀರಿನ ನೆಂಟರು

ಲೋಕ ಇನ್ನೂ ಹಸಿಗೂಸಾಗಿದ್ದ ಕಾಲ. ಬಳ್ಳಿಯ ತುದಿಯಲ್ಲಿ ದ್ರಾಕ್ಷವ್ವ ಇದ್ದಳು, ದುಂಡು ದುಂಡಗೆ, ಮೈತುಂಬ ನೀರು. ಬಿಸಿಲಪ್ಪ ದಿನಾ ಬಂದು ಆ ನೀರಿನ ಕಿವಿಯಲ್ಲಿ ಅದೇನು ಊದಿದನೋ, ಒಂದು ದಿನ ನೀರು ಹೇಳದೆ ಕೇಳದೆ ಅವನ ಹಿಂದೆ ಮುಗಿಲಿಗೆ ಓಡಿಹೋಯಿತು. ಊರೆಲ್ಲ ಗುಲ್ಲೋ ಗುಲ್ಲು!

ದ್ರಾಕ್ಷವ್ವ ಸುಕ್ಕಾದಳು. ಮನೆಯಲ್ಲಿ ಉಳಿದದ್ದು ಗಟ್ಟಿ ಸಿಹಿ, ಮತ್ತೆ ಸಿಪ್ಪೆಯಾಗಿ ಸುತ್ತ ನಿಂತು ಬಾಗಿಲು ಕಾಯುವ ಅತ್ತೆ ಸಿಪ್ಪವ್ವ. ಎಂಜಲು ಕೈಯಲ್ಲಿ ಕಾಗೆ ಓಡಿಸದ ಜಿಪುಣಿ.

ಹೀಗಿರುವಾಗ ಗಾಳಿ ಬೀಸಿ ದ್ರಾಕ್ಷವ್ವ ಹಳ್ಳದ ನೀರಿಗೆ ಬಿದ್ದಳು. ಒಂದು ಹನಿ ಬಂದು ಬಾಗಿಲು ತಟ್ಟಿತು.

"ಯವ್ವಾ, ದಣಿದು ಬಂದೀನಿ. ಒಳಗ ಸಿಹಿ ಐತಂತಲ್ಲ?"

ಬಂದವರಿಗೆ ಬೆಲ್ಲ ಕೊಡದೆ ಕಳಿಸುವುದುಂಟೇ? ಸಿಪ್ಪವ್ವ ಬಾಗಿಲು ತೆರೆದಳು. ಆದರೆ ಸೊಸೆಯ ಕಿವಿ ಹಿಂಡಿ ಅಂದಳು, "ನೆಂಟರು ಬರಲಿ. ಸಿಹಿ ಮಾತ್ರ ಹೊಸ್ತಿಲು ದಾಟಬಾರದು!"

ಹನಿ ಕೂತು ಸಿಹಿ ನೆಕ್ಕಿತು. ಏಳುವಾಗ, "ಮಕ್ಕಳಿಗೆ ಒಂಚೂರು ಕಟ್ಟಿಕೊಡ್ರಿ" ಅಂತು.

"ಕೊಡಾಂಗಿಲ್ಲ."

"ಹಂಗಾದ್ರ ನಾ ಹೋಗಾಂಗಿಲ್ಲ!" ಅಲ್ಲೇ ಕೂತಿತು.

ಇನ್ನೊಂದು ಹನಿ ಬಂತು, ಕೂತಿತು. ಮತ್ತೊಂದು ಬಂತು, ಅದೂ ಕೂತಿತು.

ದ್ರಾಕ್ಷವ್ವನಿಗೆ ತಲೆಬುಡ ತಿಳಿಯಲಿಲ್ಲ. ಇವರನ್ನು ಕರೆದವರು ಯಾರು? ಬಂದವರು ಹೋಗುವುದು ಯಾವಾಗ? ಮೈ ಬಿಗಿಯಿತು, ಗೋಡೆ ಉಬ್ಬಿತು.

ದಂಡೆಯಲ್ಲಿದ್ದ ಮೆಣಸಿನಕಾಯಿಗೆ ಇಷ್ಟು ಸಾಕಲ್ಲ! "ನೋಡ್ರೇ, ನಿನ್ನೆ ಮುದುಕಿ, ಇವತ್ತು ಮದಲಗಿತ್ತಿ! ಯಾರ ಮನಿ ನೀರು ಕದ್ದಾಳೋ!"

"ನಾ ಎಲ್ಲಿ ಕದ್ದೆನೇ? ಅವೇ ಬಂದ್ವು!" ಅಂತ ಅತ್ತಳು ದ್ರಾಕ್ಷವ್ವ. "ಅತ್ತೀ, ಒಡೆದು ಹೋಗ್ತೀನಿ! ಒಂಚೂರು ಸಿಹಿ ಕೊಟ್ಟು ಕಳಿಸ್ರೀ!"

"ಪ್ರಾಣ ಕೊಟ್ಟೇನು, ಸಿಹಿ ಕೊಡಾಂಗಿಲ್ಲ!" ಸಿಪ್ಪವ್ವ ಬಾಗಿಲಿಗೆ ಅಡ್ಡ ನಿಂತಳು. ಅವಳ ಸುಕ್ಕೂ ಬಿಚ್ಚಿ ಮೈ ಫಳಫಳ ಅಂತು.

ಅಷ್ಟರಲ್ಲಿ ಅಷ್ಟು ನೆಂಟರಿಗೆ ಹಂಚಿ ಹಂಚಿ ಒಳಗಿನ ಸಿಹಿ ತೆಳ್ಳಗಾಗಿತ್ತು. ಮುಂದಿನ ಹನಿ ಹೊಸ್ತಿಲಲ್ಲಿ ಮೂಸಿ ನೋಡಿತು. "ಥೂ, ಸಿಹಿ ವಾಸನಿನೂ ಇಲ್ಲ. ಕಾಲಿಡಾಕ ಜಾಗಾನೂ ಇಲ್ಲ" ಅಂತ ತನ್ನ ದಾರಿ ಹಿಡಿಯಿತು.

ದ್ರಾಕ್ಷವ್ವ ಒಡೆಯಲಿಲ್ಲ. ಮೊದಲಿನವಳೂ ಆಗಲಿಲ್ಲ. ಕೆನ್ನೆ ಮುಟ್ಟಿಕೊಂಡು, ಇದು ನನ್ನದೋ ನೆಂಟರದೋ ಅಂತ ಯೋಚಿಸುತ್ತಲೇ ನೀರಲ್ಲಿ ಕೂತಳು.

ಅದಕ್ಕೇ ಮಗೂ, ನಿಮ್ಮವ್ವ ಬಟ್ಟಲ ನೀರಿಗೆ ಹಾಕಿದ ಒಣದ್ರಾಕ್ಷಿ ಈಗಲೂ ದುಂಡಗೆ ಉಬ್ಬುತ್ತದೆ, ಉಬ್ಬಿ ಉಬ್ಬಿ ಒಂದು ಹೊತ್ತಿಗೆ ಸುಮ್ಮನಾಗುತ್ತದೆ.