ಖಾಲಿ ಬೆಂಚು ತುಂಬಿಸಿದ ಜವಾನ

"ನಾಳೆ ತಪಾಸಣೆಯವರು ಬರ್ತಾರೆ. ಕೊನೇ ವರ್ಷದ ಕ್ಲಾಸು ಅರ್ಧ ಖಾಲಿ. ಯಾರನ್ನಾದರೂ ತಂದು ಕೂರಿಸು, ಇಲ್ಲದಿದ್ದರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ!" ಪ್ರಿನ್ಸಿಪಾಲರು ಕಾಲೇಜಿನ ಜವಾನನ ಮೇಲೆ ಹಾರಾಡಿದರು.

ಮರುದಿನ ಕ್ಲಾಸು ಭರ್ತಿಯಾಗಿತ್ತು. ಒಬ್ಬನ ಅಂಗಿಗೆ ಗ್ಯಾರೇಜಿನ ಮಸಿ. ಒಬ್ಬಳ ಕೊರಳಲ್ಲಿ ಗಾರ್ಮೆಂಟ್ಸಿನ ಐಡಿ ಕಾರ್ಡು.

"ಯಾರಯ್ಯಾ ಇವರೆಲ್ಲ?" ಪ್ರಿನ್ಸಿಪಾಲರು ಪಿಸುಗುಟ್ಟಿದರು.

"ನಮ್ಮವರೇ ಸಾರ್, ಓದು ಬಿಟ್ಟು ಹೋದೋರು. ಅವರವರ ಜಾಗದಲ್ಲೇ ಕೂತಿದ್ದಾರೆ, ನೋಡಿ."

"ಕರೆದ ತಕ್ಷಣ ಬಂದುಬಿಟ್ಟರಾ?"

"ಬಂದರು ಸಾರ್. ಇಷ್ಟು ದಿನ ಯಾರೂ ಕರೆದಿರಲಿಲ್ಲ."

ಪ್ರಿನ್ಸಿಪಾಲರ ಮುಖ ಇಳಿಯಿತು.

ತಪಾಸಣೆಯವರು ಕಾರು ಹತ್ತಿದರು. ಕ್ಲಾಸಿನಲ್ಲಿ ಪಾಠ ಇನ್ನೂ ನಡೆಯುತ್ತಿತ್ತು. "ಆಯ್ತು, ಇನ್ನು ಹೊರಡಿ" ಎಂದು ಜವಾನ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದ. ಅವನು ಕರೆತಂದವರೆಲ್ಲ ಎದ್ದರು. ಗಾರ್ಮೆಂಟ್ಸಿನ ಹುಡುಗಿ ಏಳಲಿಲ್ಲ.

"ಪಾಠ ಮುಗಿಯೋವರೆಗೂ ಕೂತಿರ್ತೀನಿ ಅಣ್ಣಾ. ಫ್ಯಾಕ್ಟರೀಲಿ ಮತ್ತೆ ರಜೆ ಕೊಡಲ್ಲ."