ಚೌಕ ತೂತಿನ ಸ್ಕ್ರೂ

ಕಳೆದ ಫೆಬ್ರವರಿಯ ಒಂದು ಬುಧವಾರ ಕೊಟ್ರಯ್ಯನವರ ಹಾರ್ಡ್‌ವೇರ್ ಅಂಗಡಿಗೆ ಹೊಸ ಸ್ಕ್ರೂಗಳ ಡಬ್ಬಿ ಬಂತು. ಅವುಗಳ ತಲೆಯಲ್ಲಿ ಪ್ಲಸ್ ಗುರುತಿನ ಬದಲು ಚೌಕ ತೂತಿತ್ತು. ಡಬ್ಬಿ ತಂದ ಕಂಪನಿಯ ಏಜೆಂಟ್, ಅದರ ಜೊತೆಗೊಂದು ಚೌಕ ಸ್ಕ್ರೂಡ್ರೈವರನ್ನೂ ಕೊಟ್ಟು, “ಒಂದು ವಾರ ಇಟ್ಟು ನೋಡಿ” ಎಂದು ಹೋದ.

“ನಾನು ಜಾರುವುದಿಲ್ಲ, ನನ್ನ ತಲೆ ಸವೆಯುವುದಿಲ್ಲ. ಒಂದು ಬಾಗಿಲು ಸಿಕ್ಕರೆ ಸಾಕು,” ಎಂದಿತು ಮೇಲಿದ್ದ ಚೌಕ ಸ್ಕ್ರೂ.

“ನಾನು ಜಾರುತ್ತೇನೆ, ಸವೆಯುತ್ತೇನೆ. ಆದರೂ ದಿನಾ ನನ್ನನ್ನೇ ಕೇಳಿಕೊಂಡು ಬರುತ್ತಾರೆ ಕಣಯ್ಯಾ,” ಎಂದಿತು ಪಕ್ಕದ ಡಬ್ಬಿಯ ಪ್ಲಸ್ ಸ್ಕ್ರೂ.

ಬಡಗಿ ಮೌನೇಶಾಚಾರಿ ಬಂದು, ಆ ಚೌಕ ಸ್ಕ್ರೂವನ್ನೇ ಎತ್ತಿ ಅಂಗಡಿಯ ಹಲಗೆಗೆ ತಿರುಗಿಸಿದರು. ಅದು ಒಮ್ಮೆಯೂ ಜಾರದೆ ಪೂರ್ತಿ ಒಳಗಿಳಿಯಿತು.

“ಭಾರಿ ಚೆನ್ನಾಗಿದೆ ಕೊಟ್ರಯ್ಯನವರೇ. ಆದರೆ ನಾಳೆ ಬಾಗಿಲ ಕೀಲು ಸಡಿಲವಾದರೆ ಮನೆಯವರು ಇದನ್ನು ಯಾತರಿಂದ ಬಿಗಿ ಮಾಡಬೇಕು? ಮನೆಮನೆಗೂ ನಾನೇ ಓಡಲಾ? ಪ್ಲಸ್ಸೇ ಕೊಡಿ.”

ಮಾತಾಡುತ್ತಿದ್ದ ಪ್ಲಸ್ ಸ್ಕ್ರೂ ಅವರ ಚೀಲ ಸೇರಿತು. ವಾರದ ನಂತರ ಏಜೆಂಟ್ ಡಬ್ಬಿಯನ್ನೂ ಸ್ಕ್ರೂಡ್ರೈವರನ್ನೂ ವಾಪಸು ಒಯ್ದ. ಹಲಗೆಯಲ್ಲಿದ್ದುದನ್ನು ಬಿಚ್ಚಲು ಕೊಟ್ರಯ್ಯ ಆಮೇಲೆ ಪ್ರಯತ್ನಿಸಿದರು. ಅವರ ಯಾವ ಸ್ಕ್ರೂಡ್ರೈವರೂ ಅದಕ್ಕೆ ಕೂರಲಿಲ್ಲ.

ಆ ಊರಿನಲ್ಲಿ ಈಗ ಚೌಕ ಸ್ಕ್ರೂಗಳ ಸಂಖ್ಯೆ ಒಂದು.